ಮಗುವಿನ ಒಂದೇ ಕಣ್ಣಲ್ಲಿ ಸದಾ ಪಿಸುರು, ಡ್ರಾಪ್ಸ್ ನಿಲ್ಲಿಸಿದ್ರೆ ಮತ್ತೆ ಶುರು

ನಿದ್ದೆಗೇಡಿ
ಮಗಳಿಗೆ ಐದು ತಿಂಗಳು ತುಂಬ್ತಾ ಬಂತು. ಹುಟ್ಟಿದ ಕೆಲವೇ ವಾರಕ್ಕೆ ಶುರುವಾದ ಬಲಗಣ್ಣಿನ ಪಿಸುರು ಇನ್ನೂ ನಿಂತಿಲ್ಲ. ಬೆಳಿಗ್ಗೆ ಎದ್ದಾಗ ರೆಪ್ಪೆಗೂದಲು ಗುಂಪುಗುಂಪಾಗಿ ಅಂಟ್ಕೊಂಡು, ಮೇಲೆ ಹಳದಿ ಹಕ್ಕಳೆ ಕಟ್ಟಿರುತ್ತೆ, ಕಣ್ಣು ಬಿಡೋಕೇ ಆಗಲ್ಲ. ಒರೆಸಿ ಅರ್ಧ ಗಂಟೆ ಆಗೋದ್ರೊಳಗೆ ಮತ್ತೆ ಅದೇ. ಅಳದೇ ಇದ್ದರೂ ಆ ಕಣ್ಣಲ್ಲಿ ನೀರು ತುಂಬ್ಕೊಂಡೇ ಇರುತ್ತೆ, ಕೆನ್ನೆ ಮೇಲೆ ಇಳೀತಾನೇ ಇರುತ್ತೆ. ಈಗ ಕಣ್ಣಿನ ಕೆಳಗಿನ ಚರ್ಮ ಕೆಂಪಾಗಿ ಹಸಿಹಸಿಯಾಗಿದೆ, ಮುಟ್ಟಿದ್ರೆ ಕಿರುಚ್ತಾಳೆ.

ತೋರಿಸಿದಾಗಲೆಲ್ಲ ಆಂಟಿಬಯೋಟಿಕ್ ಡ್ರಾಪ್ಸ್ ಬರೆದುಕೊಡ್ತಾರೆ. ಹಾಕಿದಷ್ಟು ದಿನ ಕಡಿಮೆ, ನಿಲ್ಲಿಸಿದ್ರೆ ಮೊದಲಿನ ಹಾಗೇ. "ಮಕ್ಕಳಿಗೆ ಇದೆಲ್ಲ ಇರೋದೇ" ಅಂತ ಒಂದು ಮಾತು ಹೇಳಿ ಮುಂದಿನವರನ್ನ ಕರೀತಾರೆ. ಇರೋದೇ ಅಂದ್ರೆ ಏನಿರೋದು, ಯಾಕಿರೋದು, ಎಲ್ಲೀವರೆಗೆ ಇರೋದು, ಅದನ್ನ ಯಾರೂ ಹೇಳ್ತಿಲ್ಲ. ಇದರ ಮಧ್ಯೆ ಡೇಕೇರ್‌ನವರು ಬೇರೆ ಮಕ್ಕಳಿಗೆ ಅಂಟುತ್ತೆ ಅಂತ ಬಾಗಿಲಿಂದಲೇ ವಾಪಸ್ ಕಳಿಸ್ತಿದ್ದಾರೆ. ಇದನ್ನ ದಾಟಿ ಬಂದವರು ಇದ್ರೆ ದಯವಿಟ್ಟು ಹೇಳಿ.

ಅವಳಿಜವಳಿ
ನಮ್ಮ ಎರಡರಲ್ಲಿ ಒಂದಕ್ಕೆ ಹಿಂಗೇ ಇತ್ತು. ಮೊದಲು ಒಂದು ಹೇಳಿ. ರೆಪ್ಪೆ ಬಿಡಿಸಿ ನೋಡಿದ್ರೆ ಬಿಳಿಗುಡ್ಡೆ ಬೆಳ್ಳಗಿದೆಯಾ, ಕೆಂಪಾಗಿದೆಯಾ? ಪಿಸುರು ಎಷ್ಟು ಬರುತ್ತೆ ಅನ್ನೋದಕ್ಕಿಂತ ಇದು ಮುಖ್ಯ.

ನಿದ್ದೆಗೇಡಿ
ಬೆಳ್ಳಗೇ ಇದೆ ಅಕ್ಕ. ರೆಪ್ಪೆಯ ಅಂಚು ಸ್ವಲ್ಪ ಕೆಂಪು, ಅಷ್ಟೆ. ಒರೆಸಿದ ಮೇಲೆ ಆರಾಮಾಗಿ ಕಣ್ಣು ಬಿಟ್ಕೊಂಡು ನಗ್ತಾಳೆ.

ಅವಳಿಜವಳಿ
ಹಾಗಿದ್ರೆ ಹೆಚ್ಚೂಕಮ್ಮಿ ಕಣ್ಣೀರಿನ ನಾಳ ಕಟ್ಟಿರೋದು. ಕಣ್ಣಲ್ಲಿ ತೇವ ಸದಾ ಊರ್ತಾನೇ ಇರುತ್ತೆ. ಅದು ಮೂಗಿನ ಕಡೆ ಮೂಲೆಯಲ್ಲಿರೋ ಎರಡು ಸಣ್ಣ ತೂತುಗಳಿಂದ ಒಳಗಿಳಿದು, ಒಂದು ಪುಟ್ಟ ಚೀಲಕ್ಕೆ ಬಂದು, ಅಲ್ಲಿಂದ ಮೂಗಿನೊಳಗೆ ಹೋಗ್ಬೇಕು. (ಅತ್ತಾಗ ಮೂಗು ಸೋರೋದು ಇದಕ್ಕೇ.) ಕೆಲವು ಮಕ್ಕಳಿಗೆ ಮೂಗಿನೊಳಗೆ ತೆರೆದುಕೊಳ್ಳೋ ಕೊನೆಯಲ್ಲಿ ಒಂದು ತೆಳು ಪೊರೆ ಹರಿಯದೇ ಉಳಿದುಬಿಡುತ್ತೆ. ನೀರು ಹೋಗೋಕೆ ದಾರಿ ಇಲ್ಲ, ಹಿಂದಕ್ಕೆ ಬರುತ್ತೆ. ನಿಂತ ನೀರು ಪಾಚಿ ಕಟ್ಟಿದ ಹಾಗೆ ಅದೇ ಚೀಲದಲ್ಲಿ ಪಿಸುರು ಕಟ್ಟುತ್ತೆ.

ಡ್ರಾಪ್ಸ್ ಹಾಕಿದಾಗ ಕಡಿಮೆಯಾಗಿ ಮತ್ತೆ ಬರೋದಕ್ಕೂ ಇದೇ ಕಾರಣ. ಔಷಧಿ ಕೊಳೆತದ್ದನ್ನ ತಗ್ಗಿಸುತ್ತೆ, ಪೊರೆ ತೆಗೆಯಲ್ಲ.

ಮೊದಲ ಮಗು ಅಪ್ಪ
ಇಷ್ಟನ್ನ ನಮ್ಮ ಡಾಕ್ಟ್ರು ಹೇಳಿದ್ದಿದ್ರೆ ನಾನು ರಾತ್ರಿ ಮೂರು ಗಂಟೆಗೆ ಮೊಬೈಲ್‌ನಲ್ಲಿ ಕಣ್ಣಿನ ಫೋಟೋ ಹುಡುಕ್ಕೊಂಡು ಕೂತಿರ್ತಿರ್ಲಿಲ್ಲ. ಯಾರೂ ಹುಡುಕಬೇಡಿ, ಆ ಫೋಟೋಗಳು ಎದೆ ಒಡೆಯುತ್ವೆ.

ಸುಮ್ನೆ ಓದೋಳು
ಫಾಲೋ ಮಾಡ್ತಿದೀನಿ.

ಹೆರಿಗೆ ವಾರ್ಡ್ ಸಿಸ್ಟರ್
ನಿದ್ದೆಗೇಡಿಯವರೇ, ಚರ್ಮದ ವಿಷಯ ಮೊದಲು ನೋಡೋಣ, ಮಗುವಿಗೆ ಈಗ ನೋವಾಗ್ತಿರೋದು ಅದೇ. ನಾಳ ತನ್ನ ಸಮಯಕ್ಕೆ ಬಿಡಿಸಿಕೊಳ್ಳುತ್ತೆ, ಕೆನ್ನೆ ಅಲ್ಲೀವರೆಗೆ ಕಾಯಲ್ಲ.

ಹಕ್ಕಳೆಯನ್ನ ಒಣಗಿದ ಹಾಗೇ ಕೀಳೋಕೆ ಹೋಗಬೇಡಿ. ಕುದಿಸಿ ಆರಿಸಿದ ನೀರು ಉಗುರುಬೆಚ್ಚಗಿರುವಾಗ ಹತ್ತಿ ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇಟ್ಟಿರಿ. ಮೆತ್ತಗಾಗಿ ತಾನೇ ಬಿಡುತ್ತೆ. ಆಮೇಲೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ, ಆ ಹತ್ತಿ ಬಿಸಾಡಿ. ಇನ್ನೂ ಇದ್ರೆ ಹೊಸ ಹತ್ತಿ. ಚೆನ್ನಾಗಿರೋ ಕಣ್ಣಿಗೆ ಅದೇ ಹತ್ತಿ ಬೇಡವೇ ಬೇಡ. ಹತ್ತಿಯ ಎಳೆ ರೆಪ್ಪೆಗೂದಲಿಗೆ ಸಿಕ್ಕಿಕೊಳ್ಳುತ್ತೆ ಅಂತಿದ್ರೆ ಮೆತ್ತಗಿನ ಗಾಜ್ ಬಟ್ಟೆ ಒಳ್ಳೇದು.

ಒರೆಸೋದು ಬೇರೆ, ಉಜ್ಜೋದು ಬೇರೆ. ಕೆನ್ನೆ ಮೇಲಿನ ನೀರನ್ನ ಒತ್ತಿ ಹೀರಿಸ್ಕೊಳ್ಳಿ. ಚರ್ಮ ಒಣಗಿದ ಮೇಲೆ ಕಣ್ಣಿನಿಂದ ಸ್ವಲ್ಪ ಕೆಳಗೆ, ನೀರು ಇಳಿಯೋ ಜಾಗದಲ್ಲಿ, ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ಕಣ್ಣೀರು ಅದರ ಮೇಲೆ ಜಾರಿ ಹೋಗುತ್ತೆ, ಚರ್ಮ ನೆನೆಯಲ್ಲ. ರೆಪ್ಪೆ ಅಂಚಿಗೆ, ಕಣ್ಣೊಳಗೆ ಹೋಗಬಾರದು. ಸುವಾಸನೆ ಇರೋ ವೆಟ್ ವೈಪ್ಸ್ ಇಟ್ಕೊಂಡಿದ್ರೆ ಅದು ಕೆಳಗಡೆ ಒರೆಸೋಕೆ ಇರಲಿ, ಮುಖಕ್ಕೆ ಬೇಡ.

ಮೂರು ಮೊಮ್ಮಕ್ಕಳ ಅಜ್ಜಿ
ಎದೆಹಾಲು ಎರಡು ತೊಟ್ಟು ಬಿಡಮ್ಮ. ನಮ್ಮನೆ ಮಕ್ಕಳಿಗೆಲ್ಲ ಅದೇ ಮಾಡಿದ್ದು. ಯಾವ ಡ್ರಾಪ್ಸೂ ಇಲ್ಲ, ಯಾವ ಡಾಕ್ಟರೂ ಇಲ್ಲ, ಎಲ್ಲಾ ವಾಸಿಯಾಯ್ತು.

ಯಾಕಂತೆ
ಅಜ್ಜಿ, ಬೇಜಾರು ಮಾಡ್ಕೋಬೇಡಿ. ನಾಳ ಕಟ್ಟಿರೋ ಮಕ್ಕಳಲ್ಲಿ ಸುಮಾರು ನೂರಕ್ಕೆ 90 ಮಕ್ಕಳಿಗೆ ಒಂದು ವರ್ಷ ತುಂಬೋದ್ರೊಳಗೆ ತಾನೇ ಬಿಡಿಸ್ಕೊಳ್ಳುತ್ತೆ. ಅಂದ್ರೆ ಎದೆಹಾಲು ಬಿಟ್ರೂ ವಾಸಿ, ಬಿಡದಿದ್ರೂ ವಾಸಿ. ಏನು ಹಾಕಿದ್ದೀರೋ ಅದಕ್ಕೆ ಹೆಸರು ಬರುತ್ತೆ.

ಮೂರು ಮೊಮ್ಮಕ್ಕಳ ಅಜ್ಜಿ
ಹೆಸರು ಯಾರಿಗಾದ್ರೂ ಬರಲಿ ಕಂದ, ಕಣ್ಣು ನೆಟ್ಟಗಾದ್ರೆ ಸಾಕು. ಆದ್ರೆ ಹಾಲು ಹಾಕಿದ್ರೆ ತಪ್ಪೇನು ಅಂತ ಹೇಳು.

ಹೆರಿಗೆ ವಾರ್ಡ್ ಸಿಸ್ಟರ್
ಅಜ್ಜಿ, ತಪ್ಪು ಅಂತಲ್ಲ. ಹಾಲಿನಲ್ಲಿ ಸಕ್ಕರೆ ಅಂಶ ಇದೆ, ಚರ್ಮದ ಮೇಲಿನ ಕ್ರಿಮಿಗಳೂ ಅದರ ಜೊತೆ ಬರಬಹುದು. ಒಣಗಿದ್ರೆ ಅದೇ ಇನ್ನೊಂದು ಅಂಟು, ಅದನ್ನೂ ಒರೆಸಬೇಕು. ನನ್ನ ಭಯ ಬೇರೆ. ನಿಜವಾದ ಸೋಂಕು ಬಂದಿದ್ದಾಗ "ಹಾಲು ಹಾಕಿದೀವಲ್ಲ, ನೋಡೋಣ" ಅಂತ ಜನ ಕಾಯ್ತಾರೆ. ಕಾಯಬಾರದ ಕಣ್ಣುಗಳೂ ಇವೆ.

ಯಾಕಂತೆ
ನಾನು ಹೇಳಿದ ಲೆಕ್ಕ, ನಾಳ ಬಿಡಲಿ ಅಂತ ಕಣ್ಣಿನ ಒಳಮೂಲೆಯಲ್ಲಿ ಮಾಡೋ ಮಸಾಜ್‌ಗೂ ಅನ್ವಯಿಸುತ್ತಲ್ವಾ? ಅದನ್ನ ಮಾತ್ರ ಎಲ್ಲ ಡಾಕ್ಟ್ರುಗಳೂ ಹೇಳ್ತಾರೆ. ಜಗಳಕ್ಕೆ ಕೇಳ್ತಿಲ್ಲ, ನಿಜವಾಗಿ ಕೇಳ್ತಿದೀನಿ.

ಕಣ್ಣು ವೈದ್ಯ
ಸರಿಯಾದ ಪ್ರಶ್ನೆ. ಮಕ್ಕಳ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡ್ತೀನಿ, ಆದ್ದರಿಂದ ನಾಲ್ಕು ಮಾತು. ಮಗುವನ್ನು ನಾನು ನೋಡಿಲ್ಲ, ಇದನ್ನ ಚಿಕಿತ್ಸೆ ಅಂತ ತಗೊಳ್ಳಬೇಡಿ.

ಮಸಾಜ್ ಮಾಡದೇ ಇದ್ದರೂ ಬಹುಪಾಲು ಮಕ್ಕಳಿಗೆ ವಾಸಿಯಾಗುತ್ತೆ, ಅದು ನಿಜ. ಆದರೂ ಹೇಳ್ತೀವಿ, ಎರಡು ಕಾರಣಕ್ಕೆ. ಚೀಲದಲ್ಲಿ ನಿಂತದ್ದು ಖಾಲಿಯಾಗುತ್ತೆ, ಹಾಗಾಗಿ ಪಿಸುರು ಕಡಿಮೆ, ಡ್ರಾಪ್ಸಿನ ಅಗತ್ಯ ಕಡಿಮೆ. ಎರಡನೆಯದು, ಒಳಗಿನ ದ್ರವದ ಒತ್ತಡ ಪೊರೆಯ ಮೇಲೆ ಬಿದ್ದು ಅದು ಬಿಟ್ಟುಕೊಳ್ಳೋ ಸಾಧ್ಯತೆ ಇದೆ. 1923ರಲ್ಲಿ ಕ್ರಿಗ್ಲರ್ ಅನ್ನೋ ವೈದ್ಯರು ಇದನ್ನ ಬರೆದರು, ಇವತ್ತಿಗೂ ಅವರ ಹೆಸರಲ್ಲೇ ಕರೀತೀವಿ. ಸರಿಯಾಗಿ ಮಾಡಿದ್ರೆ ತೊಂದರೆ ಏನೂ ಇಲ್ಲ.

ಸಮಸ್ಯೆ ಇರೋದು ಸರಿಯಾಗಿ ಮಾಡೋದ್ರಲ್ಲೇ. ಬಹಳ ಜನ ಮೂಗಿನ ಪಕ್ಕದ ಚರ್ಮವನ್ನ ಸವರ್ತಾರೆ. ಮಗುವಿಗೆ ಮುದ್ದು ಮಾಡಿದ ಹಾಗಾಗುತ್ತೆ, ಚೀಲಕ್ಕೆ ಗೊತ್ತೇ ಆಗಲ್ಲ.

ಕೈ ತೊಳೆದು, ಉಗುರು ಮೊಟುಕಾಗಿ ಕತ್ತರಿಸಿರಬೇಕು. ಬೆರಳ ತುದಿಯನ್ನ ಕಣ್ಣಿನ ಒಳಮೂಲೆಗೂ ಮೂಗಿನ ಎಲುಬಿಗೂ ನಡುವೆ ಇಡಿ. ಕಣ್ಣುಗುಡ್ಡೆ ಮೇಲೆ ಅಲ್ಲ, ಎಲುಬಿನ ಮೇಲೆ. ಮೊದಲು ಒಳಕ್ಕೆ ಒತ್ತಿ. ನಿಮ್ಮ ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಡ ಇರಲಿ. ಈಗ ಒಳಮೂಲೆಯ ಸಣ್ಣ ತೂತನ್ನ ನೋಡಿ. ಅಲ್ಲಿಂದ ಹಳದಿ ಬಣ್ಣದ ಒಂದು ಹನಿ ಉಕ್ಕಿ ಬಂದ್ರೆ ಬೆರಳು ಸರಿಯಾದ ಜಾಗದಲ್ಲಿದೆ ಅಂತ ಅರ್ಥ. ಅದನ್ನ ಒರೆಸಿ. ಆಮೇಲೆ ಒತ್ತಡ ಬಿಡದೆ ಮೂಗಿನ ಬದಿಗುಂಟ ಕೆಳಕ್ಕೆ ಎಳೆಯಿರಿ, ಸುಮಾರು ಒಂದು ಸೆಂಟಿಮೀಟರ್ ಸಾಕು. ಹೀಗೆ ಒಂದು ಸಲಕ್ಕೆ 5ರಿಂದ 10, ದಿನಕ್ಕೆ 2ರಿಂದ 4 ಸಲ. ಹಾಲು ಕುಡಿಸುವಾಗ ಮಾಡಿದ್ರೆ ಮಗು ಗಲಾಟೆ ಮಾಡಲ್ಲ. ಮೊದಲ ಸಲ ಯಾರಾದ್ರೂ ನಿಮ್ಮ ಬೆರಳು ಹಿಡಿದು ತೋರಿಸಲಿ.

ಮೊದಲ ಮಗು ಅಪ್ಪ
ಸರ್, ನಮಗೆ ಒಬ್ಬರು ಮೇಲಕ್ಕೆ ಅಂದ್ರು, ಇನ್ನೊಬ್ಬರು ಕೆಳಕ್ಕೆ ಅಂದ್ರು. ಹೆಂಡತಿ ಒಂದು ಕಡೆ, ನಾನು ಒಂದು ಕಡೆ. ಮಗು ಇಬ್ಬರನ್ನೂ ನೋಡಿ ನಗುತ್ತೆ.

ಕಣ್ಣು ವೈದ್ಯ
ಇಬ್ಬರೂ ಅರ್ಧರ್ಧ ಹೇಳಿದ್ದಾರೆ. ಕೀವು ಹೊರಗೆ ತೆಗೆಯೋಕೆ ಒತ್ತಿದಾಗ ಅದು ಮೇಲಕ್ಕೆ, ಕಣ್ಣಿನ ಕಡೆಗೆ ಬರುತ್ತೆ. ಪೊರೆ ಮೇಲೆ ಒತ್ತಡ ಬೀಳೋಕೆ ಕೆಳಕ್ಕೆ ಎಳೀಬೇಕು. ಮೊದಲು ಖಾಲಿ, ಆಮೇಲೆ ಕೆಳಕ್ಕೆ.

ಒಂದು ಸಂದರ್ಭದಲ್ಲಿ ಮಾತ್ರ ಮಸಾಜ್ ಮಾಡಬೇಡಿ. ಒಳಮೂಲೆಯಲ್ಲಿ ಕೆಂಪಾಗಿ, ಬಿಸಿಯಾಗಿ ಗಡ್ಡೆ ಥರ ಊದಿಕೊಂಡು ಮುಟ್ಟಿದ್ರೆ ನೋವಾಗ್ತಿದ್ರೆ ಚೀಲಕ್ಕೇ ಸೋಂಕಾಗಿದೆ. ಜ್ವರವೂ ಇರಬಹುದು. ಅವತ್ತೇ ತೋರಿಸಿ.

ನಿದ್ದೆಗೇಡಿ
ಓದಿ ಕಣ್ಣು ತುಂಬಿ ಬಂತು, ನನ್ನ ನಾಳ ಸರಿಯಾಗಿದೆ ಅನ್ಸುತ್ತೆ! ಇಷ್ಟು ದಿನ ಸವರ್ತಿದ್ದೆವು, ಒತ್ತಿರಲಿಲ್ಲ. ಇವತ್ತು ಒತ್ತಿದಾಗ ಆ ಹನಿ ಬಂತು, ಅಂಟಾದ ದಪ್ಪ ಹನಿ. ನೋಡಿ ಗಾಬರಿಯೂ ಆಯ್ತು, ಸಮಾಧಾನವೂ ಆಯ್ತು.

ಆದ್ರೆ ಒಂದು ವರ್ಷ ಕಾಯಬೇಕು ಅನ್ನೋದು ಹೇಳೋಕೆ ಸುಲಭ. ಕಂಡವರೆಲ್ಲ "ಅಯ್ಯೋ ಕಣ್ಣಿಗೇನಾಯ್ತು" ಅಂತಾರೆ. ಫೋಟೋಗಳಲ್ಲೆಲ್ಲ ಎಡಗಣ್ಣಿನ ಕಡೆಯಿಂದಲೇ ತೆಗೆದಿರೋದು.

ಅವಳಿಜವಳಿ
ನಮ್ಮನೆ ಆಲ್ಬಂನಲ್ಲೂ ಒಬ್ಬ ಯಾವಾಗಲೂ ಪಕ್ಕಕ್ಕೇ ತಿರುಗಿರ್ತಾನೆ. ಬಂದವರಿಗೆ "ನಾಳ ಕಟ್ಟಿದೆ, ಅಂಟುಜಾಡ್ಯ ಅಲ್ಲ, ದೃಷ್ಟಿಗೆ ತೊಂದರೆ ಇಲ್ಲ" ಅಂತ ಒಂದೇ ಉಸಿರಲ್ಲಿ ಹೇಳೋದನ್ನ ಅಭ್ಯಾಸ ಮಾಡ್ಕೊಳ್ಳಿ. ಮೂರನೇ ಪ್ರಶ್ನೆ ಬರೋದೇ ಇಲ್ಲ. ನೆಗಡಿ ಬಂದ್ರೆ ಪಿಸುರು ದುಪ್ಪಟ್ಟಾಗುತ್ತೆ, ಆಗ ಎಲ್ಲ ಕೆಟ್ಟೇ ಹೋಯ್ತು ಅಂದ್ಕೋಬೇಡಿ. ನಾಳ ಮೂಗಿನೊಳಗೇ ತೆರೆದುಕೊಳ್ಳೋದ್ರಿಂದ ಮೂಗು ಊದಿಕೊಂಡ್ರೆ ಇದೂ ಬಿಗಿಯಾಗುತ್ತೆ. ಗಾಳಿ, ಚಳಿಗೆ ಹೊರಗೆ ಹೋದಾಗಲೂ ನೀರು ಜಾಸ್ತಿ.

ಡೇಕೇರ್‌ಗೆ ಡಾಕ್ಟ್ರ ಕೈಲಿ ಎರಡು ಸಾಲು ಬರೆಸಿಕೊಡಿ. ಬಾಯಲ್ಲಿ ಹೇಳಿದ್ದನ್ನ ನಂಬಲ್ಲ, ಕಾಗದ ನಂಬ್ತಾರೆ.

ಸುಮ್ನೆ ಓದೋಳು
ಇಷ್ಟು ದಿನ ಸುಮ್ನೆ ಓದ್ತಿದ್ದೆ, ಈಗ ಕೇಳಲೇಬೇಕು. ನನ್ನ ತಂಗಿ ಮಗು ಹುಟ್ಟಿ ನಾಲ್ಕು ದಿನ. ನಿನ್ನೆ ರಾತ್ರಿಯಿಂದ ಎರಡೂ ಕಣ್ಣಲ್ಲಿ ದಪ್ಪ ಕೀವು, ರೆಪ್ಪೆ ಊದಿಕೊಂಡು ಬಿಡಿಸೋಕಾಗ್ತಿಲ್ಲ. ಇದೂ ನಾಳನೇನಾ? ಮಸಾಜ್ ಶುರು ಮಾಡೋಕೆ ಹೇಳಲಾ?

ಹೆರಿಗೆ ವಾರ್ಡ್ ಸಿಸ್ಟರ್
ಬೇಡ. ಮೊಬೈಲ್ ಕೆಳಗಿಟ್ಟು ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಹೇಳಿ. ಬೆಳಿಗ್ಗೆವರೆಗೆ ಕಾಯಬೇಡಿ. ಹೋದ ಮೇಲೆ ಬಂದು ಬರೀರಿ.

ಕಣ್ಣು ವೈದ್ಯ
ಸಿಸ್ಟರ್ ಹೇಳಿದ್ದನ್ನೇ ಮಾಡಿ.

ಬೇರೆಯವರು ಓದ್ತಿರೋದ್ರಿಂದ ಬರೀತೀನಿ. ಹುಟ್ಟಿದ ಮೊದಲ 28 ದಿನದೊಳಗೆ ಕಣ್ಣು ಕೆಂಪಾಗಿ ಕೀವು ಬಂದ್ರೆ ಅದನ್ನ ನಾಳ ಅಂದ್ಕೊಂಡು ಕೂರುವ ಹಾಗಿಲ್ಲ. ಹೆರಿಗೆ ಸಮಯದಲ್ಲಿ ತಾಯಿಯಿಂದ ಮಗುವಿನ ಕಣ್ಣಿಗೆ ಸೋಂಕು ದಾಟಿರಬಹುದು. ತಾಯಿಗೆ ಯಾವ ಲಕ್ಷಣವೂ ಇಲ್ಲದೇ ಇರಬಹುದು, ಹಾಗಾಗಿ ಇದು ಯಾರ ಮರ್ಯಾದೆ ಪ್ರಶ್ನೆಯೂ ಅಲ್ಲ. ಗೊನೊರಿಯಾ (ಲೈಂಗಿಕ ಸಂಪರ್ಕದಿಂದ ಹರಡೋ ರೋಗ) ಕ್ರಿಮಿಯಾದ್ರೆ ಸಾಮಾನ್ಯವಾಗಿ 2ರಿಂದ 5ನೇ ದಿನದಲ್ಲಿ ಜೋರಾಗಿ ಶುರುವಾಗುತ್ತೆ, ಕರಿಗುಡ್ಡೆಯ ಪಾರದರ್ಶಕ ಪದರಕ್ಕೇ ತೂತು ಬೀಳಿಸಬಲ್ಲದು. ಹಾಗೇ ಹರಡೋ ಇನ್ನೊಂದು ಕ್ರಿಮಿ ಕ್ಲಮೈಡಿಯಾ ಸಾಮಾನ್ಯವಾಗಿ 5ರಿಂದ 14ನೇ ದಿನದೊಳಗೆ ಕಾಣಿಸಿಕೊಳ್ಳುತ್ತೆ. ಅದು ಶ್ವಾಸಕೋಶಕ್ಕೂ ಇಳಿಯಬಲ್ಲದು, ಆದ್ದರಿಂದ ಬರೀ ಡ್ರಾಪ್ಸ್ ಸಾಲದು, ಬಾಯಿಂದ ಔಷಧಿ ಕೊಡಬೇಕು. ಕೀವನ್ನ ಪರೀಕ್ಷೆಗೆ ಕಳಿಸದೆ ಯಾವುದು ಅಂತ ಹೇಳೋಕಾಗಲ್ಲ.

ಹೆರಿಗೆ ವಾರ್ಡ್ ಸಿಸ್ಟರ್
ಒಂದು ಕಾಲದಲ್ಲಿ ಮಕ್ಕಳು ಕುರುಡಾಗೋಕೆ ಇದು ದೊಡ್ಡ ಕಾರಣವಾಗಿತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕ್ರೆಡೆ ಅನ್ನೋ ಹೆರಿಗೆ ವೈದ್ಯರು ಹುಟ್ಟಿದ ಕೂಡಲೇ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕೋ ಪದ್ಧತಿ ತಂದು 1881ರಲ್ಲಿ ಪ್ರಕಟಿಸಿದ್ರು, ಅಲ್ಲಿಂದ ಇದು ತಗ್ಗಿತು. ಈಗಲೂ ಕೆಲವು ದೇಶಗಳಲ್ಲಿ ಹುಟ್ಟಿದ ಮಗುವಿನ ಕಣ್ಣಿಗೆ ಆಂಟಿಬಯೋಟಿಕ್ ಮುಲಾಮು ಹಚ್ಚೋದು ಅದರ ಮುಂದುವರಿಕೆಯೇ.

ಸುಮ್ನೆ ಓದೋಳು
ಅಡ್ಮಿಟ್ ಮಾಡ್ಕೊಂಡ್ರು. ಕೀವು ಲ್ಯಾಬ್‌ಗೆ ಹೋಗಿದೆ, ಇಂಜೆಕ್ಷನ್ ಶುರುವಾಗಿದೆ, ಕಣ್ಣನ್ನ ಪದೇಪದೇ ತೊಳೀತಿದ್ದಾರೆ. ಗುಡ್ಡೆಗೆ ಏನೂ ಆಗಿಲ್ಲವಂತೆ. ಕೈ ಇನ್ನೂ ನಡುಗ್ತಿದೆ, ಆಮೇಲೆ ಬರೀತೀನಿ.

ಮೂರು ಮೊಮ್ಮಕ್ಕಳ ಅಜ್ಜಿ
ದೇವರು ದೊಡ್ಡವನು. ನಾನು ಹಾಲು ಹಾಕು ಅಂದಿದ್ದು ಇಂಥದ್ದಕ್ಕಲ್ಲಮ್ಮ.

ಯಾಕಂತೆ
ಹಾಗಾದ್ರೆ ಮನೇಲಿ ಕೂತು ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು ಅಂತ ಹೇಗೆ ಗೊತ್ತಾಗಬೇಕು? ಎಲ್ಲರೂ "ಡಾಕ್ಟರಿಗೆ ತೋರಿಸಿ" ಅಂತಾರೆ. ಪಿಸುರು ಕಂಡಾಗಲೆಲ್ಲ ಓಡಿದ್ರೆ ಡಾಕ್ಟ್ರೇ ಬಾಗಿಲು ಹಾಕ್ಕೊತಾರೆ.

ಕಣ್ಣು ವೈದ್ಯ
ಮಗು ಕಣ್ಣನ್ನ ಹೇಗೆ ಬಳಸ್ತಿದೆ ನೋಡಿ. ನಾಳ ಕಟ್ಟಿದ ಮಗುವಿಗೆ ಪಿಸುರು ಒರೆಸಿದ ಕೂಡಲೇ ಕಣ್ಣು ಅಗಲವಾಗಿ ತೆರೆಯುತ್ತೆ, ಬಿಳಿಭಾಗ ಬೆಳ್ಳಗಿರುತ್ತೆ, ಕಿಟಕಿ ಕಡೆ ತಿರುಗಿಸಿದ್ರೂ ಕಿರಿಕಿರಿ ಇಲ್ಲ. ಒರೆಸಿದ ಮೇಲೂ ಬಿಳಿಭಾಗ ಕೆಂಪಗೇ ಇದ್ರೆ, ರೆಪ್ಪೆ ಊದಿದ್ರೆ, ಒಂದೆರಡು ದಿನದಲ್ಲಿ ತೋರಿಸಿ. ತಿಂಗಳು ತುಂಬದ ಮಗುವಾದ್ರೆ ಅವತ್ತೇ.

ನನ್ನನ್ನ ಹೆಚ್ಚು ಹೆದರಿಸೋದು ಪಿಸುರೇ ಇಲ್ಲದೆ ಬರೀ ನೀರು ಸುರಿಯೋ ಕಣ್ಣು. ಬೆಳಕು ಕಂಡ್ರೆ ಮಗು ಮುಖ ಮುಚ್ಕೊಳ್ಳುತ್ತೆ, ಕಣ್ಣು ಬಿಗಿಯಾಗಿ ಮುಚ್ಚುತ್ತೆ, ಕರಿಗುಡ್ಡೆ ಇನ್ನೊಂದಕ್ಕಿಂತ ದೊಡ್ಡದಾಗಿ ಅಥವಾ ಮಂಜು ಕವಿದ ಹಾಗೆ ಕಾಣುತ್ತೆ. ಅದು ಹುಟ್ಟಿನಿಂದ ಬರೋ ಗ್ಲಾಕೋಮಾ ಇರಬಹುದು. "ಎಷ್ಟು ದೊಡ್ಡ ಚೆಂದದ ಕಣ್ಣು" ಅಂತ ಎಲ್ಲರೂ ಹೊಗಳ್ತಿರ್ತಾರೆ, ಒಳಗೆ ಒತ್ತಡ ಏರಿರುತ್ತೆ. ವಿರಳ, ಆದರೆ ತಡ ಮಾಡಿದ್ರೆ ಹೋದ ದೃಷ್ಟಿ ಬರಲ್ಲ. ಇನ್ನೊಂದು ಹುಟ್ಟಿದಾಗಲೇ ಕಾಣೋದು: ಒಳಮೂಲೆಯ ಕೆಳಗೆ ನೀಲಿಛಾಯೆಯ ಗುಳ್ಳೆ. ಅದು ಮೂಗಿನೊಳಕ್ಕೂ ಉಬ್ಬಿರಬಹುದು, ಹಸುಗೂಸುಗಳು ಮೂಗಿನಿಂದಲೇ ಉಸಿರಾಡೋದ್ರಿಂದ ಉಸಿರಿಗೇ ತೊಂದರೆಯಾಗಬಹುದು.

ಮನೆಯಲ್ಲಿ ದೊಡ್ಡವರಿಗೆ ಕೊಟ್ಟಿದ್ದ ಸ್ಟೀರಾಯ್ಡ್ ಇರೋ ಡ್ರಾಪ್ಸ್ ಮಗುವಿಗೆ ಹಾಕಬೇಡಿ. ಕೆಂಪು ಬೇಗ ಇಳಿಯುತ್ತೆ, ಒಳಗಿನ ರೋಗ ಮುಚ್ಚಿಹೋಗುತ್ತೆ.

ಮೊದಲ ಮಗು ಅಪ್ಪ
ಡ್ರಾಪ್ಸ್ ವಿಷಯ ಬಂತಲ್ಲ, ಅದನ್ನ ಹಾಕೋದು ಹೇಗೆ ಅಂತ ಯಾರಾದ್ರೂ ಹೇಳಿ. ನಮ್ಮದು ಬಾಟಲಿ ಕಂಡ ತಕ್ಷಣ ಕಣ್ಣು ಹೊಲಿದ ಹಾಗೆ ಮುಚ್ಚುತ್ತೆ.

ಹೆರಿಗೆ ವಾರ್ಡ್ ಸಿಸ್ಟರ್
ಮುಚ್ಚಲಿ ಬಿಡಿ! ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಒಳಮೂಲೆಯಲ್ಲಿ ಒಂದು ಹನಿ ಬಿಡಿ, ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ. ಎಷ್ಟು ಹೊತ್ತು ಮುಚ್ಚುತ್ತೆ? ಬಿಟ್ಟ ತಕ್ಷಣ ಒಳಗೆ ಇಳಿಯುತ್ತೆ. ಮೊದಲು ಪಿಸುರು ಒರೆಸಿರಬೇಕು, ಇಲ್ಲಾಂದ್ರೆ ಔಷಧಿ ಅದರ ಮೇಲೇ ಕೂತುಬಿಡುತ್ತೆ. ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು. ತೆರೆದ ದಿನಾಂಕ ಬರೆದಿಡಿ. ಹೆಚ್ಚಿನವನ್ನ 28 ದಿನಕ್ಕೆ ಬಿಸಾಡಬೇಕು, ಲೇಬಲ್ ಒಮ್ಮೆ ನೋಡ್ಕೊಳ್ಳಿ.

ನಿದ್ದೆಗೇಡಿ
ಮಕ್ಕಳ ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬಂದೆವು. ಎರಡೂ ಕಣ್ಣಿಗೆ ಕಿತ್ತಳೆ ಬಣ್ಣದ ಫ್ಲೋರೆಸಿನ್ ಹನಿ ಹಾಕಿ ಐದು ನಿಮಿಷ ಬಿಟ್ಟು ನೀಲಿ ಬೆಳಕಲ್ಲಿ ನೋಡಿದ್ರು. ಎಡಗಣ್ಣಲ್ಲಿ ಬಣ್ಣ ಹೆಚ್ಚೂಕಮ್ಮಿ ಖಾಲಿ. ಬಲಗಣ್ಣಲ್ಲಿ ಕೆಳರೆಪ್ಪೆ ಅಂಚಿಗುಂಟ ಹಸಿರು ಗೆರೆ ಹೊಳೀತಾ ನಿಂತಿತ್ತು. ಮನೆಗೆ ಬರುವಾಗ ಸೀನಿದಳು, ಕರ್ಚೀಫ್ ಮೇಲೆ ಎಡಮೂಗಿಂದ ಹಳದಿ ಕಲೆ, ಬಲಮೂಗಿಂದ ಏನೂ ಇಲ್ಲ. ಯಜಮಾನರು ಆ ಕರ್ಚೀಫ್ ಒಗೆಯೋಕೇ ಬಿಡ್ತಿಲ್ಲ, ಎಲ್ಲರಿಗೂ ತೋರಿಸ್ತಿದ್ದಾರೆ.

ಕಣ್ಣಿನ ಪವರ್ ಕೂಡ ನೋಡಿದ್ರು. ನಾಳ ಕಟ್ಟಿರೋ ಮಕ್ಕಳಲ್ಲಿ ಎರಡು ಕಣ್ಣಿನ ಪವರ್‌ನಲ್ಲಿ ವ್ಯತ್ಯಾಸ ಇರೋದು ಸ್ವಲ್ಪ ಹೆಚ್ಚಂತೆ, ವರ್ಷ ತುಂಬಿದಾಗ ಮತ್ತೆ ನೋಡ್ತಾರೆ. ಮಸಾಜ್ ಮುಂದುವರಿಸಿ, ಬಿಳಿಭಾಗ ಕೆಂಪಾದ್ರೆ ಮಾತ್ರ ಡ್ರಾಪ್ಸ್ ಅಂದ್ರು. ಡೇಕೇರ್ ಕಾಗದವೂ ಸಿಕ್ತು. ಕೆನ್ನೆ ಜೆಲ್ಲಿ ಹಚ್ಚಿದ ಮೇಲೆ ಒಣಗಿದೆ.

ವರ್ಷ ದಾಟಿದ್ರೂ ಬಿಡದಿದ್ರೆ ಪ್ರೋಬಿಂಗ್ ಅಂದ್ರು. ಅಲ್ಲಿಂದ ಮುಂದೆ ನನಗೆ ಏನೂ ಕೇಳಿಸಲಿಲ್ಲ. ಮಾಡಿಸಿದವರು ಇದ್ದೀರಾ?

ಅವಳಿಜವಳಿ
ನಾವೇ. ವರ್ಷ ದಾಟಿ ಕೆಲವು ತಿಂಗಳಾದ್ರೂ ಬಿಡಲಿಲ್ಲ. ಅನಸ್ತೇಸಿಯಾ ಕೊಟ್ಟು, ಒಳಮೂಲೆಯ ತೂತಿನಿಂದ ತಂತಿಯಂಥ ತೆಳು ಕಡ್ಡಿ ಇಳಿಸಿ ಪೊರೆ ಚುಚ್ಚಿ ದಾರಿ ಮಾಡ್ತಾರೆ. ಎಲ್ಲೂ ಕೊಯ್ಯಲ್ಲ, ಹೊಲಿಗೆ ಇಲ್ಲ. ಕಡ್ಡಿ ಇಳಿಸೋ ಕೆಲಸ ನಿಮಿಷಗಳದ್ದು, ತಯಾರಿ ಮತ್ತು ಎಚ್ಚರವಾಗೋದೇ ಹೊತ್ತು. ಅವತ್ತು ಕಣ್ಣೀರು, ಸಿಂಬಳ ಸ್ವಲ್ಪ ಗುಲಾಬಿ ಬಣ್ಣಕ್ಕಿರುತ್ತೆ, ಅದನ್ನ ಮೊದಲೇ ಹೇಳಿದ್ರಿಂದ ನಾವು ಹೆದರಲಿಲ್ಲ. ಆಟ ಅವತ್ತು ಸಂಜೆಯಿಂದಲೇ ಶುರು.

ಕಷ್ಟ ಆಗಿದ್ದು ಉಪವಾಸ. ಹಸಿದ ಮಗುವನ್ನ ಎತ್ಕೊಂಡು ಓಡಾಡೋದಿದೆಯಲ್ಲ, ಅದರ ಮುಂದೆ ಉಳಿದದ್ದೆಲ್ಲ ಏನೂ ಅಲ್ಲ.

ಕಣ್ಣು ವೈದ್ಯ
ಮೊದಲ ಪ್ರಯತ್ನದಲ್ಲೇ ಬಹುತೇಕ ಮಕ್ಕಳಿಗೆ ವಾಸಿಯಾಗುತ್ತೆ. ಆಗದಿದ್ದರೆ ಮತ್ತೊಮ್ಮೆ ಮಾಡ್ತೀವಿ, ಇಲ್ಲವೇ ನಾಳದಲ್ಲಿ ಕೆಲವು ತಿಂಗಳು ತೆಳು ಸಿಲಿಕೋನ್ ಟ್ಯೂಬ್ ಬಿಡ್ತೀವಿ. ಕೆಲವು ಕಡೆ ವರ್ಷ ತುಂಬುವ ಮೊದಲೇ ಅನಸ್ತೇಸಿಯಾ ಇಲ್ಲದೆ ಮಾಡೋದೂ ಉಂಟು. ಆದರೆ ತಾನೇ ಬಿಡಿಸ್ಕೊಳ್ಳೋ ನಾಳಗಳೇ ಹೆಚ್ಚಿರೋದ್ರಿಂದ ನಾನು ಕಾಯೋ ಪೈಕಿ. ವರ್ಷ ದಾಟಿದ ಮೇಲೂ ತಾನೇ ಬಿಟ್ಟವು ಇವೆ.

ನಿದ್ದೆಗೇಡಿ
ಉಪವಾಸ ಅಂದ್ರೆ ಎಷ್ಟು ಹೊತ್ತು ಸರ್? ಇವಳು ರಾತ್ರಿಯಿಡೀ ಎದೆಹಾಲು ಕುಡೀತಾಳೆ.

ಕಣ್ಣು ವೈದ್ಯ
ಸಾಮಾನ್ಯವಾಗಿ ಎದೆಹಾಲಿಗೆ 4 ಗಂಟೆ, ಫಾರ್ಮುಲಾ ಹಾಲಿಗೆ 6 ಗಂಟೆ. ನೀರನ್ನ ಇನ್ನೂ ಹತ್ತಿರದವರೆಗೆ ಕೊಡಬಹುದು. ಅನಸ್ತೇಸಿಯಾ ಡಾಕ್ಟರ್ ಹೇಳಿದ ಸಮಯವೇ ಅಂತಿಮ. ಬೆಳಗಿನ ಮೊದಲ ಸರದಿ ಕೇಳಿ, ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೊಡ್ತಾರೆ.

ಸುಮ್ನೆ ಓದೋಳು
ತಂಗಿ ಮಗು ಡಿಸ್ಚಾರ್ಜ್ ಆಯ್ತು. ಎರಡೂ ಕಣ್ಣು ತಿಳಿಯಾಗಿದೆ. ತಂಗಿಗೂ ಅವಳ ಗಂಡನಿಗೂ ಔಷಧಿ ಕೊಟ್ಟಿದ್ದಾರೆ. ಸಿಸ್ಟರ್, ಮುಂದಿನ ವಾರ ಮತ್ತೆ ತೋರಿಸೋಕೆ ಹೇಳಿದ್ದಾರೆ, ಕಣ್ಣು ಚೆನ್ನಾಗಿದೆಯಲ್ಲ, ಹೋಗಲೇಬೇಕಾ ಅಂತ ಅವಳು ಕೇಳ್ತಿದಾಳೆ.

ಹೆರಿಗೆ ವಾರ್ಡ್ ಸಿಸ್ಟರ್
ಹೋಗಲೇಬೇಕು. ಲ್ಯಾಬ್ ರಿಪೋರ್ಟ್ ಜೊತೆಗೆ ತಗೊಂಡು ಹೋಗೋಕೆ ಹೇಳಿ.